ಜ್ವರವಿಲ್ಲ, ಎದೆನೋವಿಲ್ಲ, ಕೆಲಸವಿಲ್ಲ

ಸೊಂಟದ ಎಡಭಾಗದಲ್ಲಿ, ಬೆಲ್ಟಿಗೂ ಪಕ್ಕೆಲುಬಿಗೂ ನಡುವೆ, ನನಗೆ ಈಗಲೂ ಆಗಾಗ ಏನೋ ಗುಯ್‌ಗುಟ್ಟಿದಂತಾಗುತ್ತದೆ. ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಾಗ, ಪಲ್ಲಾವರಂ ನಿಲ್ದಾಣದಲ್ಲಿ ಲೋಕಲ್ ರೈಲಿಗೆ ಕಾಯುವಾಗ, ಕೆಲವೊಮ್ಮೆ ಕ್ಷೌರದಂಗಡಿಯಲ್ಲಿ ಕತ್ತಿನ ಮೇಲೆ ಕತ್ತಿ ಇರುವಾಗಲೇ, ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಹೋಗಿ ನೋಡಿದರೆ ಅಲ್ಲಿ ನನ್ನ ಹೊಟ್ಟೆಯ ಹೊರತು ಬೇರೇನೂ ಇರುವುದಿಲ್ಲ. ನನ್ನ ಹೆಂಡತಿ ಗಿರಿಜೆಯ ಪ್ರಕಾರ ಅದು ವಾಯು. ಓಮಿನ ಕಾಳಿನ ನೀರು ಕುಡಿದರೆ ಹೋಗುತ್ತದೆ. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ, ಇಂದ್ರಿಯಗಳನ್ನು ನಂಬಬಾರದೆಂದು ಎಂ.ಎ. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಬಂದವನಿಗೆ ಈ ವಿವರಣೆ ಒಪ್ಪಿಗೆಯಾಗುವುದು ಕಷ್ಟ. ಆದರೂ ಓಮಿನ ನೀರು ಕುಡಿಯುತ್ತೇನೆ. ಸಂದೇಹವಾದಿಗಳಿಗೂ ಹೊಟ್ಟೆ ಇರುತ್ತದೆ.

ಆ ಜಾಗದಲ್ಲಿ ಒಂದು ಕಾಲಕ್ಕೆ ಪೇಜರ್ ಇತ್ತು. ಪೇಜರ್ ಎಂದರೇನೆಂದು ಇಂದಿನವರಿಗೆ ವಿವರಿಸಲು ಹೊರಟರೆ ಅವರು ನನ್ನನ್ನು ತಾಳೆಗರಿಯ ಕಾಲದವನಂತೆ ನೋಡುತ್ತಾರೆ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡದಾದ ಕಪ್ಪು ಡಬ್ಬಿ. ಅದರಲ್ಲಿ ಮಾತಾಡುವಂತಿಲ್ಲ, ಬಂದ ಮಾತಿಗೆ ಉತ್ತರಿಸುವಂತೆಯೂ ಇಲ್ಲ. ಡಬ್ಬಿ ಧರಿಸಿದ ಮನುಷ್ಯನಿಗೆ ನೀವು ಏನಾದರೂ ಹೇಳಬೇಕಿದ್ದರೆ ಟೆಲಿಫೋನ್ ಬೂತಿಗೆ ಹೋಗಿ, ನಮ್ಮ ಕಂಪನಿಗೆ ಫೋನು ಮಾಡಿ, ಅವನ ಸಂಖ್ಯೆ ಕೊಟ್ಟು, ಹೇಳಬೇಕಾದ್ದನ್ನು ನಮ್ಮ ಆಪರೇಟರಿಗೆ ಹೇಳಬೇಕು. ಆಕೆ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದಂತೆ ಊರಿನ ಯಾವುದೋ ಮೂಲೆಯಲ್ಲಿ ಒಂದು ಸೊಂಟ ನಡುಗಿ, ಡಬ್ಬಿಯ ಪುಟ್ಟ ಕಿಟಕಿಯಲ್ಲಿ ಒಂದು ಸಾಲು ಮೂಡುತ್ತಿತ್ತು. ಅಣ್ಣಾ ಸಾಲೈಯ ಒಂದು ಕಟ್ಟಡದ ಮೇಲ್ಮಹಡಿಯಲ್ಲಿ, ಚೆನ್ನೈಯ ಬಿಸಿಲಿಗೂ ನಮಗೂ ಸಂಬಂಧವೇ ಇಲ್ಲವೆಂಬಂತೆ ತಣ್ಣಗಿದ್ದ ಹಜಾರದಲ್ಲಿ, ಅಂಥ ಆಪರೇಟರುಗಳ ಮೇಲ್ವಿಚಾರಕನಾಗಿ ನಾನಿದ್ದೆ.

ನನ್ನ ಕೆಲಸವೆಂದರೆ ಕತ್ತರಿಸುವುದು. ಕಿಟಕಿ ಪುಟ್ಟದು, ಜನರ ಮಾತು ದೊಡ್ಡದು. ಫೋನು ಮಾಡಿದವರು ಹೇಳಿದ್ದನ್ನೆಲ್ಲ ಹೊಡೆಯುತ್ತ ಕೂತರೆ ಸಾಲು ತುಂಬಿಹೋಗುತ್ತದೆ, ಉಳಿದವರು ಕಾಯುತ್ತಾರೆ. ಆದ್ದರಿಂದ ಸಂಗತಿಯನ್ನು ಹಿಡಿದು ಉಳಿದದ್ದನ್ನು ಬಿಡಬೇಕೆಂದು ಹೊಸ ಹುಡುಗಿಯರಿಗೆ ನಾನೇ ಪಾಠ ಮಾಡುತ್ತಿದ್ದೆ. ರಾಯಪುರಂನಿಂದ ಒಬ್ಬ ಹೆಂಗಸು ಆಗಾಗ ಫೋನು ಮಾಡುತ್ತಿದ್ದಳು, ಅವಳ ಗಂಡ ಬಂದರಿನಲ್ಲಿ ಸೂಪರ್‌ವೈಸರ್. ಅವಳು ಒಂದೇ ಉಸಿರಿಗೆ, ನಾನು ಸಿಟ್ಟಾಗಿಲ್ಲ ಅಂತ ಹೇಳಿ, ಬೆಳಿಗ್ಗೆ ಅಂದದ್ದು ಮನಸ್ಸಿನಿಂದ ಅಂದದ್ದಲ್ಲ, ಅವರ ತಂಗಿ ಬಂದರೆ ಬರಲಿ, ನನಗೇನೂ ಬೇಜಾರಿಲ್ಲ, ಮೀನು ತಂದಿದ್ದೇನೆ, ಬೇಗ ಬರೋದಕ್ಕೆ ಹೇಳಿ ಎನ್ನುವಳು. ನಮ್ಮ ಹುಡುಗಿ ನನ್ನ ಕಡೆ ನೋಡುವಳು. ನಾನು ಎರಡು ಬೆರಳನ್ನು ಕತ್ತರಿಯಂತೆ ಆಡಿಸುವೆ. ಬಂದರಿನಲ್ಲಿ ಡಬ್ಬಿ ನಡುಗುವುದು: ‘ಮೀನು ಇದೆ. ಬೇಗ ಬಾ.’ ಆ ಮನುಷ್ಯ ಬೇಗ ಹೋದನೋ ಇಲ್ಲವೋ, ಮೀನು ಆರಿತೋ ಏನೋ, ನಾನು ಯೋಚಿಸಿದವನಲ್ಲ. ಒಂದು ವಾಕ್ಯವನ್ನು ಇಷ್ಟು ಶುದ್ಧವಾಗಿ ಇಳಿಸಿದೆವಲ್ಲ ಎಂಬ ಸಮಾಧಾನದಲ್ಲಿ ಚಹಾ ಕುಡಿಯುತ್ತಿದ್ದೆ. ಮನುಷ್ಯರು ಆಡುವ ಮಾತಿನಲ್ಲಿ ಮುಕ್ಕಾಲು ಪಾಲು ಅನವಶ್ಯಕ ಎಂಬ ಸಿದ್ಧಾಂತಕ್ಕೆ ಅಲ್ಲಿ ದಿನವೂ ಪುರಾವೆ ಸಿಗುತ್ತಿತ್ತು, ಮತ್ತು ಪುರಾವೆ ಸಿಕ್ಕ ಸಿದ್ಧಾಂತದಷ್ಟು ಮನುಷ್ಯನನ್ನು ಕೆಡಿಸುವುದು ಬೇರೊಂದಿಲ್ಲ.

ಆಮೇಲೆ ಮೊಬೈಲುಗಳು ಬಂದವು. ಜನ ತಮ್ಮ ಅನವಶ್ಯಕ ಮಾತುಗಳನ್ನು ತಾವೇ, ಯಾವ ಮೇಲ್ವಿಚಾರಕನ ಅಡ್ಡಿಯೂ ಇಲ್ಲದೆ, ರಸ್ತೆಯಲ್ಲಿ ನಡೆದುಕೊಂಡು ಆಡತೊಡಗಿದರು. ಹಜಾರದಲ್ಲಿ ಒಂದೊಂದೇ ಕುರ್ಚಿ ಖಾಲಿಯಾಗಿ, ಒಂದು ದಿನ ಮ್ಯಾನೇಜರು ನಮ್ಮನ್ನೆಲ್ಲ ಕೂರಿಸಿ, ಕಂಪನಿಗೆ ಇನ್ನು ಮುಂದೆ ನಾವು ಹೆಚ್ಚುವರಿ ಎಂಬರ್ಥದ ಭಾಷಣ ಮಾಡಿದರು. ಅಷ್ಟು ವರ್ಷ ಹೆಚ್ಚುವರಿಯನ್ನು ಕತ್ತರಿಸಿ ಬದುಕಿದವನು ನಾನು. ಭಾಷಣ ಕೇಳುತ್ತಾ ಅದನ್ನೂ ಮನಸ್ಸಿನಲ್ಲೇ ಇಳಿಸಿದ್ದು ನೆನಪಿದೆ: ‘ಮನೆಗೆ ಹೋಗಿ.’

ನೆನಪಿದೆ ಎಂದೆನೇ? ಗೆಳೆಯರೇ, ಇಲ್ಲಿಂದ ಮುಂದೆ ನನ್ನನ್ನು ಸ್ವಲ್ಪ ಎಚ್ಚರದಿಂದ ಓದಿ. ಆ ದಿನದ ಬಗ್ಗೆ ನನಗಿರುವ ಚಿತ್ರ ಹೀಗಿದೆ: ಹೊರಗೆ ನವೆಂಬರಿನ ಜಡಿಮಳೆ, ಕಿಟಕಿಯ ಗಾಜಿನ ಮೇಲೆ ನೀರು, ಮೊಳಕಾಲಿನವರೆಗಿನ ನೀರಲ್ಲಿ ಪ್ಯಾಂಟು ಮಡಿಸಿಕೊಂಡು ಮನೆ ಸೇರಿದ ನಾನು, ಗಿರಿಜೆಯನ್ನು ಎದುರಿಗೆ ಕೂರಿಸಿಕೊಂಡು, ನಿಧಾನವಾಗಿ, ಒಬ್ಬ ಜವಾಬ್ದಾರಿಯುತ ಗಂಡನ ಧ್ವನಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಬಹಳ ಒಳ್ಳೆಯ ದೃಶ್ಯ. ಇದನ್ನು ಒಮ್ಮೆ ನೆಂಟರ ಮುಂದೆ ವರ್ಣಿಸುತ್ತಿದ್ದಾಗ ಗಿರಿಜೆ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿದಳು.

“ಮಳೆ ಎಲ್ಲಿತ್ರಿ? ಪೊಂಗಲ್ ಆಗಿ ಎರಡೋ ಮೂರೋ ದಿನ ಆಗಿತ್ತು. ಕಬ್ಬಿನ ಜಲ್ಲೆ ಇನ್ನೂ ಮೂಲೇಲಿ ನಿಂತಿತ್ತು, ಇರುವೆ ಮುತ್ತಿ.”

“ಇರ್ಬಹುದು. ನಾನು ಕೂತು ವಿವರವಾಗಿ ಹೇಳ್ದೆ ಅನ್ನೋದಂತೂ ನಿಜ ತಾನೆ?”

“ಕೂರಲೇ ಇಲ್ಲ ನೀವು. ಬಾಗ್ಲಲ್ಲಿ ನಿಂತು ಬೂಟು ಬಿಚ್ತಾ, ‘ಕಂಪನಿ ಮುಚ್ತು. ಗಾಬರಿ ಬೇಡ. ಕಾಫಿ.’ ಅಂದ್ರಿ. ಕಾಫಿ ಕೊಡು ಅಂತಾನೂ ಅಲ್ಲ. ಬರೀ ಕಾಫಿ.”

ನೆಂಟರು ನಕ್ಕರು. ನಾನೂ ನಕ್ಕೆ. ಆದರೆ ಆ ಮೂರು ತುಂಡುಗಳಲ್ಲಿ ನನ್ನ ಕೈಬರಹ ನನಗೇ ಗುರುತು ಸಿಕ್ಕಿತು. ನೆನಪು ಕೂಡ ನಮ್ಮೊಳಗೆ ಕೂತ ಒಬ್ಬ ಪೇಜರ್ ಆಪರೇಟರೇ ಇರಬೇಕು. ತನಗೆ ಬೇಕಾದ್ದನ್ನು ಹಿಡಿದು, ಬೇಡದ್ದನ್ನು ಬಿಟ್ಟು, ಎಷ್ಟೋ ವೇಳೆ ನಮ್ಮ ಗೌರವ ಕಾಪಾಡಲು ಒಂದಿಷ್ಟು ಮಳೆಯನ್ನೂ ಸೇರಿಸಿ ಕಳಿಸಿಬಿಡುತ್ತಾನೆ. ಮೇಲ್ವಿಚಾರಕರು ಯಾರೂ ಇಲ್ಲದ ಹಜಾರ ಅದು.

ಕೆಲಸ ಹೋದವನಿಗೆ ಬೀದಿಯವರೆಲ್ಲ ಹೊಸ ಕೆಲಸ ಕೊಡುತ್ತಾರೆ, ಸಂಬಳವೊಂದನ್ನು ಬಿಟ್ಟು. ಎದುರು ಮನೆಯವರು ಅಪ್ಪಳದ ಏಜೆನ್ಸಿ ಹಿಡಿಯಿರಿ ಎಂದರು. ಮೇಲಿನ ಮನೆಯವರು ಷೇರು ಎಂದರು. ಎಂ.ಎ. ಎಂಬ ಎರಡಕ್ಷರ ಕೇಳಿದವರು, ನೆರೆಯ ಮಕ್ಕಳಿಗೆ ಗಣಿತ ಹೇಳಿಕೊಡುವ ಗಿರಿಜೆಯಂತೆ ನೀವೂ ಟ್ಯೂಷನ್ ಮಾಡಿ ಎಂದರು, ತತ್ತ್ವಶಾಸ್ತ್ರ ಎಂದು ತಿಳಿದ ಮೇಲೆ ಅಪ್ಪಳಕ್ಕೇ ಮರಳಿದರು. ಶುಕ್ರವಾರ ಪಲ್ಲಾವರಂ ಸಂತೆಯಲ್ಲಿ ಹಳೆ ಫ್ಯಾನು, ಹಳೆ ಬಾಗಿಲು, ಕೋಳಿಮರಿ, ಗುಲಾಬಿ ಗಿಡಗಳ ನಡುವೆ ಸುಮ್ಮನೆ ತಿರುಗುತ್ತಿದ್ದಾಗ ಒಂದು ಗೋಣಿಚೀಲದ ಮೇಲೆ ನಮ್ಮ ಡಬ್ಬಿಗಳು ರಾಶಿ ಬಿದ್ದಿದ್ದವು. ಕೆಲಸ ಮಾಡುತ್ತದೆಯೇ ಎಂದು ಕೇಳಿದೆ. “ವೇಲೆ ಸೆಯ್ಯಾದು ಸಾರ್,” ಎಂದ ಮಾರುವವನು, ಕೆಲಸ ಮಾಡಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು, “ಆನಾ ಬೆಲ್ಟ್‌ಲೆ ಮಾಟ್ಟಿಕ್ಕೊಂಗ, ಗೆತ್ತಾ ಇರುಕ್ಕುಂ.” ಬೆಲ್ಟಿಗೆ ಸಿಕ್ಕಿಸಿಕೊಂಡರೆ ಗತ್ತು ಇರುತ್ತದಂತೆ. ಕೆಲಸ ಮಾಡದೆ ಗತ್ತಿನಿಂದ ಓಡಾಡುವುದನ್ನು ನಾನಾಗಲೇ ಅಭ್ಯಾಸ ಮಾಡುತ್ತಿದ್ದೆನಾದ್ದರಿಂದ ಕೊಳ್ಳಲಿಲ್ಲ.

ನಿಜವಾದ ಕೆಲಸವೊಂದು ಕಾದಿತ್ತು, ಅದೇ ಕಷ್ಟವಾಗಿದ್ದದ್ದು. ಗಿರಿಜೆಯ ಅಣ್ಣ ರುದ್ರಪ್ಪ ಭಾವನಿಗೆ ದಾವಣಗೆರೆಯಲ್ಲಿ ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ನಮ್ಮ ಮದುವೆಯಲ್ಲಿ ಮಂಟಪ ಹಾಕಿಸಿದ್ದರಿಂದ ಹಿಡಿದು ನಮ್ಮ ಮನೆಯ ಗ್ರೈಂಡರಿನವರೆಗೆ ಎಲ್ಲದರಲ್ಲೂ ಅವರ ಕೈ ಇದೆ; ಒಳ್ಳೆಯವರು, ಒಳ್ಳೆಯತನದಿಂದ ಎದುರಿನವನನ್ನು ಕುಳ್ಳಗಾಗಿಸುವ ಶಕ್ತಿ ಉಳ್ಳವರು. ಪ್ರತಿ ಭಾನುವಾರ ಫೋನು ಮಾಡಿ, ಬಂದುಬಿಡಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತುಕೊಳ್ಳಿ, ಹಿಂದಿನ ಮನೆ ಖಾಲಿ ಇದೆ ಎಂದು ಕರೆಯುತ್ತಿದ್ದರು. ಮಗಳು ಅಶ್ವಿನಿಗೆ ಅಲ್ಲಿ ಶಾಲೆಯ ಸೀಟು ಹಿಡಿದಿಡಬೇಕಾದರೆ ಜೂನ್ ಒಳಗೆ ಹೇಳಬೇಕು. ಅಷ್ಟರಲ್ಲಿ ನನಗೆ ಚೆನ್ನೈಯಲ್ಲಿ ಕೆಲಸ ಸಿಕ್ಕರೆ ಇಲ್ಲಿ, ಸಿಗದಿದ್ದರೆ ಅಲ್ಲಿ. ಗಿರಿಜೆ ರಾತ್ರಿ ಊಟಕ್ಕೆ ಬಡಿಸುತ್ತಾ, “ಅಣ್ಣ ಫೋನ್ ಮಾಡಿದ್ದ, ಅಂಗಡಿ ದೊಡ್ಡದು ಮಾಡ್ಸಿದಾನಂತೆ,” ಎನ್ನುವಳು. ಇನ್ನೊಂದು ದಿನ, “ಹಿಂದಿನ ಮನೆಗೆ ಸುಣ್ಣ ಹೊಡಿಸ್ತಿದಾನಂತೆ,” ಎನ್ನುವಳು. ನಾನು ಅದನ್ನು ಅಭ್ಯಾಸಬಲದಿಂದ ಇಳಿಸಿಕೊಂಡೆ: ‘ಹೋಗೋಣ.’ ಅವಳ ತವರೂರಲ್ಲವೇ, ಆಸೆ ಸಹಜ ಎಂದುಕೊಂಡು, “ನೋಡೋಣ,” ಎನ್ನುತ್ತಿದ್ದೆ.

ಹಾಗಿರುವಾಗ ಶೋಳಿಂಗನಲ್ಲೂರಿನ ಒಂದು ಹೊಸ ಗಾಜಿನ ಕಟ್ಟಡದಲ್ಲಿ ವೈದ್ಯಕೀಯ ವರದಿಗಳನ್ನು ಟೈಪು ಮಾಡುವವರು ಬೇಕೆಂಬ ಸುದ್ದಿ ಸಿಕ್ಕಿತು. ಅಮೆರಿಕದ ವೈದ್ಯರು ರೋಗಿಯನ್ನು ನೋಡಿದ ಮೇಲೆ, ನೋಡಿದ್ದನ್ನು ಒಂದು ಯಂತ್ರಕ್ಕೆ ಬಾಯಲ್ಲಿ ಹೇಳಿಬಿಡುತ್ತಾರೆ. ಅವರು ಮಲಗುವ ಹೊತ್ತಿಗೆ ಆ ಧ್ವನಿ ಇಲ್ಲಿಗೆ ಬಂದಿರುತ್ತದೆ. ನಾವು ಬೆಳಿಗ್ಗೆ ಕಿವಿಗೆ ಸಿಕ್ಕಿಸಿಕೊಂಡು, ಹೊಲಿಗೆ ಯಂತ್ರದವರಂತೆ ಕಾಲಲ್ಲಿ ಪೆಡಲು ತುಳಿದು ಧ್ವನಿಯನ್ನು ನಿಲ್ಲಿಸುತ್ತಾ ಓಡಿಸುತ್ತಾ ಅಕ್ಷರಕ್ಕಿಳಿಸಬೇಕು. ಟೈಪಿಂಗಿನ ವೇಗವೂ ಇಂಗ್ಲಿಷೂ ಇದ್ದದ್ದರಿಂದ ನನ್ನನ್ನು ಪರೀಕ್ಷಾರ್ಥ ತೆಗೆದುಕೊಂಡರು. ಮೇ ಮುಗಿಯುವುದರೊಳಗೆ ಕೈ ಕುದುರಿದರೆ ಕೆಲಸ ಖಾಯಂ, ಇಲ್ಲವಾದರೆ ನಮಸ್ಕಾರ. ಬೇರೆಯವರ ಮಾತು ಕೇಳಿ ಟೈಪು ಮಾಡುವುದು! ಇದಕ್ಕಾಗಿಯೇ ನಾನು ಹುಟ್ಟಿದ್ದು ಎಂದುಕೊಂಡು ತಾಂಬರಂ, ಮೇಡವಾಕ್ಕಂ ಸುತ್ತಿಕೊಂಡು ಹೋಗುವ ಬಸ್ಸಿನಲ್ಲಿ ನಿಂತೇ ಹೋದೆ.

ಮೊದಲ ವರದಿ ಅಲ್ಲಿನ ಡಾಕ್ಟರಮ್ಮನ ಮೇಜಿಗೆ ಹೋಯಿತು. ಸರಕಾರಿ ಆಸ್ಪತ್ರೆಯಿಂದ ನಿವೃತ್ತರಾದ ವೈದ್ಯೆ, ಬಿಳಿಗೂದಲು, ಗಂಜಿ ಹಾಕಿದ ಹತ್ತಿ ಸೀರೆ, ಬಾಯಲ್ಲಿ ಸದಾ ಒಂದು ಲವಂಗ. ನಮ್ಮ ಬರಹಗಳನ್ನೆಲ್ಲ ತಿದ್ದಿ ಒಪ್ಪುವುದೋ ಬಿಡುವುದೋ ಅವರ ಕೈಲಿತ್ತು. ಕರೆಸಿದರು.

“ಇದು ರಿಪೋರ್ಟಾ, ತಂದಿಯಾ?” ಎಂದು ಕೇಳಿದರು. ತಂದಿ ಎಂದರೆ ತಮಿಳಿನಲ್ಲಿ ತಂತಿ, ಟೆಲಿಗ್ರಾಂ.

ಅಮೆರಿಕದ ವೈದ್ಯ ಮಾತಾಡಿದ್ದು ಬಹಳ ಹೊತ್ತು. ರೋಗಿಗೆ ಜ್ವರವಿಲ್ಲ, ಚಳಿಯಿಲ್ಲ, ಕೆಮ್ಮಿಲ್ಲ, ಎದೆನೋವಿಲ್ಲ, ಉಸಿರಾಟಕ್ಕೆ ತೊಂದರೆಯಿಲ್ಲ, ವಾಂತಿಯಿಲ್ಲ, ತಲೆಸುತ್ತಿಲ್ಲ, ಕಾಲಿನಲ್ಲಿ ಊತವಿಲ್ಲ, ಹೀಗೆ ಇಲ್ಲ ಇಲ್ಲ ಎಂದು ಪಠಿಸಿ, ಕೊನೆಗೆ ಮೊಣಕೈ ನೋವಿದೆ ಎಂದಿದ್ದ. ನಾನು ಹೊಡೆದದ್ದು: ರೋಗಿಗೆ ಮೊಣಕೈ ನೋವು. ಉಳಿದಂತೆ ಸರಿ.

“ಉಳಿದಂತೆ ಸರಿ ಅಂತ ಆ ಡಾಕ್ಟರು ಅಂದ್ರಾ?”

“ಅನ್ನಲಿಲ್ಲ ಮೇಡಂ. ಆದರೆ ಅವರು ಹೇಳಿದ್ದರ ಸಾರಾಂಶ...”

“ಸಾರಾಂಶ ಕೇಳಿದ್ದು ಯಾರು? ನಾಳೆ ಆ ಮನುಷ್ಯನಿಗೆ ಎದೆನೋವು ಬಂದರೆ, ಇವತ್ತು ಇರಲಿಲ್ಲ ಅಂತ ಗೊತ್ತಾಗೋದು ಹೇಗೆ?” ಎಂದು ತಮಿಳಿನಲ್ಲಿ ಕೇಳಿ, ಲವಂಗವನ್ನು ಬಲದವಡೆಯಿಂದ ಎಡದವಡೆಗೆ ಸಾಗಿಸಿದರು. “ಎಲ್ಲಿ ಕೆಲಸ ಮಾಡ್ತಿದ್ರಿ ಮೊದಲು?”

ಹೇಳಿದೆ.

“ಅದಾನೇ ಪಾತ್ತೇನ್,” ಎಂದರು. ಅದನ್ನೇ ಅಂದುಕೊಂಡೆ ಎಂದು. ಆ ಕ್ಷಣದಿಂದ ಅಲ್ಲಿ ನನ್ನ ಹೆಸರು ತಂದಿ ಸಾರ್ ಎಂದಾಯಿತು.

ಇದರಲ್ಲಿ ನಾಚಿಕೆಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೆಯದು. ಎಂ.ಎ.ಯಲ್ಲಿ ನಾನು ಅತಿ ಹೆಚ್ಚು ಅಂಕ ತೆಗೆದದ್ದು ಭಾರತೀಯ ತರ್ಕದ ಪತ್ರಿಕೆಯಲ್ಲಿ, ಅದರಲ್ಲೂ ಅಭಾವದ ಪ್ರಶ್ನೆಗೆ. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ನಮಗೆ ಹೇಗೆ ತಿಳಿಯುತ್ತದೆ? ಕಣ್ಣಿಗೆ ಕಾಣುವುದು ನೆಲವೊಂದೇ. ಇಲ್ಲದ ಗಡಿಗೆಯನ್ನು ಯಾವ ಕಣ್ಣು ನೋಡಿತು? ಇಲ್ಲ ಎನ್ನುವುದೂ ಒಂದು ಬಗೆಯ ತಿಳಿವಳಿಕೆ, ಅದಕ್ಕೆ ಪ್ರತ್ಯೇಕ ಪ್ರಮಾಣವೇ ಬೇಕು ಎಂದು ಶತಮಾನಗಳ ಕಾಲ ಪಂಡಿತರು ಜುಟ್ಟು ಹಿಡಿದು ಜಗಳವಾಡಿದ್ದಾರೆ. ಅದನ್ನೆಲ್ಲ ಹಾಸ್ಟೆಲಿನ ಮಹಡಿಯ ಮೇಲೆ ತಿರುಗಾಡುತ್ತಾ ಉರುಹೊಡೆದು, ಪದವಿ ಪಡೆದು, ಮದರಾಸಿಗೆ ಬಂದು, ನಾನು ಮಾಡಿದ್ದೇನು? ನಾನು ಸಿಟ್ಟಾಗಿಲ್ಲ, ಮನಸ್ಸಿನಿಂದ ಅಂದದ್ದಲ್ಲ, ಬೇಜಾರಿಲ್ಲ ಎಂಬ ಗಡಿಗೆಗಳನ್ನೆಲ್ಲ ಒಡೆದು, ನೆಲವನ್ನು ಗುಡಿಸಿ, ಮೀನನ್ನು ಮಾತ್ರ ಉಳಿಸಿದೆ. ಆ ರಾಯಪುರಂ ಹೆಂಗಸು ಫೋನು ಮಾಡಿದ್ದೇ ಮೀನಿನ ಸಲುವಾಗಿ ಅಲ್ಲವೆಂದು ನನಗೆ ಹೊಳೆದದ್ದು ಶೋಳಿಂಗನಲ್ಲೂರಿನ ಕ್ಯಾಂಟೀನಿನಲ್ಲಿ, ಮೊಸರನ್ನದ ಮುಂದೆ.

ಹೊಳೆದರೇನು, ಬೆರಳಿಗೆ ಬುದ್ಧಿ ಬರಬೇಕಲ್ಲ. ಇಲ್ಲ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಕಾಲು ತಾನಾಗಿ ಪೆಡಲು ತುಳಿದು ಮುಂದಕ್ಕೋಡಿಸುತ್ತಿತ್ತು. ಡಾಕ್ಟರಮ್ಮ ದಿನವೂ ಕೆಂಪು ಶಾಯಿಯಲ್ಲಿ ಬಿಟ್ಟುಹೋದ ಇಲ್ಲಗಳನ್ನು ಮರಳಿ ನೆಟ್ಟು ಕಳಿಸುತ್ತಿದ್ದರು. ನನ್ನ ವರದಿ ಹೊಸದಾಗಿ ನಾಟಿ ಮಾಡಿದ ಗದ್ದೆಯಂತೆ ಕಾಣುತ್ತಿತ್ತು. “ತಂದಿ ಸಾರ್, ಇನ್ನು ಸ್ವಲ್ಪವೇ ದಿನ ಉಳಿದಿದೆ,” ಎಂದು ಒಂದು ಸಂಜೆ ನೆನಪಿಸಿದರು, ಬೈಗುಳವಲ್ಲದ ಆ ಮೆತ್ತನೆಯ ಧ್ವನಿಯೇ ಬೈಗುಳಕ್ಕಿಂತ ಹೆಚ್ಚು ಹೆದರಿಸಿತು.

ಮೇ ತಿಂಗಳ ಕೆಂಡದಂಥ ಬಿಸಿಲಿನಲ್ಲಿ ರುದ್ರಪ್ಪ ಭಾವ ಬಂದಿಳಿದರು. ಒಂದು ಚೀಲ ಮಂಡಕ್ಕಿ, ಶೇಂಗಾ ಚಟ್ನಿಪುಡಿ, ನಮ್ಮನ್ನು ಕರೆದುಕೊಂಡು ಹೋಗುವ ಏರ್ಪಾಟಿನ ಪೂರ್ತಿ ನಕ್ಷೆ. ಎಂ.ಎ. ಓದಿದ ತಪ್ಪಿಗೆ ನನ್ನನ್ನು ಮೇಷ್ಟ್ರೆಂದೇ ಕರೆಯುವ ಅವರು ಸೋಫಾದ ಮೇಲೆ ಕೂತು ಬನಿಯನ್ನಿಗೆ ಗಾಳಿ ಹಾಕಿಕೊಳ್ಳುತ್ತಾ ಕೇಳಿದರು:

“ಏನ್ ಮೇಷ್ಟ್ರೇ, ಅದೇನ್ರಿ ಅದು ನಿಮ್ಮ ಹೊಸಾ ಕೆಲ್ಸ? ಅಮೆರಿಕದಾಗೆ ಡಾಕ್ಟ್ರು ಕೆಮ್ಮಿದ್ರೆ ಇಲ್ಲಿ ನೀವು ಟೈಪ್ ಮಾಡ್ಬೇಕಂತೆ?”

“ಡಾಕ್ಟ್ರು ಕೆಮ್ಮಿದ್ರೆ ಬಿಡ್ಬಹುದು ಭಾವ. ರೋಗಿ ಕೆಮ್ಮದಿದ್ರೆ ಬರೀಬೇಕು.”

ಅವರು ನನ್ನ ಮುಖವನ್ನು ನೋಡಿ, ಬಿಸಿಲಿನ ಪರಿಣಾಮವೆಂದು ತೀರ್ಮಾನಿಸಿದರೆಂದು ಕಾಣುತ್ತದೆ. “ನಮ್ಮ ಅಂಗಡೀಲಿ ಅದೆಲ್ಲ ರಗಳೆ ಇಲ್ಲ ನೋಡ್ರಿ. ರೈತ ಬರ್ತಾನೆ, ಪಂಪು ಬೇಕು ಅಂತಾನೆ. ಐತೆ ಅಂದ್ರೆ ಐತೆ,” ಎಂದು, ಅಶ್ವಿನಿಯ ಕಡೆ ತಿರುಗಿ, “ಏನವ್ವಾ, ದಾವಣಗೆರೆಗೆ ಬರ್ತೀಯೋ ಇಲ್ಲೋ?” ಎಂದು ಕೇಳಿದರು.

ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರಿಸುವುದು ಅವಳ ಪದ್ಧತಿ. “ಮಾಮಾ, ಅಂಗೆ ಬೀಚ್ ಇರುಕ್ಕಾ?” ಎಂದಳು.

“ಬೀಚಾ? ಕೆರೆ ಐತೆ ಬಾರವ್ವ, ದೊಡ್ಡದು,” ಎಂದರು ಭಾವ. ಅಶ್ವಿನಿ ಒಪ್ಪಿದಂತೆ ಕಾಣಲಿಲ್ಲ.

ಸಂಜೆ ಭಾವ ಸೌಕಾರ್‌ಪೇಟೆಯ ವ್ಯಾಪಾರಿಯೊಬ್ಬರನ್ನು ನೋಡಲು ಹೋದರು. ಗಿರಿಜೆ ಮಂಡಕ್ಕಿಗೆಂದು ಈರುಳ್ಳಿ ಹೆಚ್ಚುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು, ತಪ್ಪು ಒಪ್ಪಿಸುವ ಧಾಟಿಯಲ್ಲಲ್ಲ, ಉದಾರತೆಯ ಧಾಟಿಯಲ್ಲಿ, “ಆಯ್ತು ಬಿಡು, ಹೋಗೋಣ. ನಿನಗೂ ಆಸೆ ಇದೆ,” ಎಂದೆ.

ಚಾಕು ನಿಂತಿತು. “ಯಾರು ಅಂದಿದ್ದು?”

“ನೀನೇ. ಅಂಗಡಿ ದೊಡ್ಡದಾಯ್ತು, ಮನೆಗೆ ಸುಣ್ಣ ಹೊಡಿಸ್ತಿದಾನೆ ಅಂತ ದಿನಾ ಹೇಳ್ತಿದ್ದೆಯಲ್ಲ.”

“ಹೇಳ್ದೆ. ಹೋಗೋಣ ಅಂತ ಒಂದ್ಸಲನಾದ್ರೂ ಅಂದೆನಾ? ಹೋಗಲ್ಲ ಅಂತ ಅನ್ಲಿಲ್ಲ ಅಂದ್ರೆ ಹೋಗ್ತೀನಿ ಅಂತ ಅರ್ಥನಾ ನಿಮ್ಮ ಫಿಲಾಸಫೀಲಿ? ನೀವು ಬೇಡ ಅಂತೀರೇನೋ ಅಂತ ಕಾದೆ ನಾನು. ನೀವು ಗೋಡೆ ನೋಡ್ಕೊಂಡು ನೋಡೋಣ ಅಂದ್ರಿ. ಅಲ್ಲಿ ನಂಗೆ ಊಟಕ್ಕೆ ಕಮ್ಮಿ ಇಲ್ಲ, ಅತ್ತಿಗೆ ಕೆಟ್ಟೋಳಲ್ಲ, ಅಣ್ಣ ಒಂದು ಮಾತೂ ಅನ್ನಲ್ಲ. ಅನ್ನಲ್ವಲ್ಲ, ಅದೇ ಕಷ್ಟ. ಏನಾದ್ರೂ ಅಂದ್ರೆ ತಿರುಗಿಸಿ ಒಂದು ಅಂದು...”

ಅಷ್ಟರಲ್ಲಿ ವಿಮಾನ ಬಂತು. ಪಲ್ಲಾವರಂನಲ್ಲಿ ವಿಮಾನಗಳು ನಮ್ಮ ಮಾಳಿಗೆಯ ಮೇಲೇ ಇಳಿಯುವಂತೆ ಹೋಗುತ್ತವೆ. ಆಗ ಎಲ್ಲರೂ ಆಡುತ್ತಿದ್ದ ಮಾತನ್ನು ಅರ್ಧಕ್ಕೆ ಹಿಡಿದು, ಸದ್ದು ಸರಿದ ಮೇಲೆ ಅದೇ ಅಕ್ಷರದಿಂದ ಮುಂದುವರಿಸುತ್ತಾರೆ. ನನ್ನ ದಾಂಪತ್ಯದಲ್ಲಿ ಈ ವಿರಾಮಗಳ ಉಪಕಾರ ದೊಡ್ಡದು. ಸದ್ದು ಬಂದೊಡನೆ ಪತ್ರಿಕೆಯನ್ನೋ ಟವೆಲನ್ನೋ ಹುಡುಕುವವನಂತೆ ಮೆಲ್ಲನೆ ಅಲ್ಲಿಂದ ಜಾರುತ್ತಿದ್ದೆ. ಗಿರಿಜೆ ಚಾಕು ಎತ್ತಿ ಹಿಡಿದು, ಬಾಯಿ ಅರ್ಧ ತೆರೆದು, ಛಾವಣಿ ನೋಡುತ್ತಾ ನಿಂತಿದ್ದಳು. ಅವತ್ತು ನಾನು ಜಾರಲಿಲ್ಲ. ಏಕೆಂದು ಕೇಳಿದರೆ, ಬುದ್ಧಿ ಬಂದಿತ್ತು ಎಂದು ಹೇಳಿಕೊಳ್ಳಲು ಚೆನ್ನಾಗಿರುತ್ತದೆ; ಬಾಗಿಲಿಗೆ ಅಡ್ಡ ಮಂಡಕ್ಕಿ ಚೀಲ ಇತ್ತೆಂಬುದೂ ಸುಳ್ಳಲ್ಲ. ಅಂತೂ ಪೆಡಲಿನ ಮೇಲೆ ಕಾಲಿಟ್ಟು ಧ್ವನಿಯನ್ನು ನಿಲ್ಲಿಸಿದವನಂತೆ ಕಾದು ನಿಂತೆ.

ವಿಮಾನ ಸರಿಯಿತು.

“...ಹಗುರಾಗ್ಬಹುದು. ಇಲ್ಲಿ ಬೀದಿಗೆ ಇಳಿದ್ರೆ ಕಣಕ್ಕು ಟೀಚರ್ ಅಂತಾರೆ ನನ್ನ. ಲೆಕ್ಕದ ಟೀಚರ್. ಮಕ್ಕಳು ಗಣಿತದಲ್ಲಿ ಫೇಲಾದ್ರೆ ತಾಯಂದಿರು ಬಂದು ನನ್ನ ಮುಂದೆ ಅಳ್ತಾರೆ. ಅಲ್ಲಿಗೆ ಹೋದ್ರೆ ನಾನು ಮತ್ತೆ ರುದ್ರಪ್ಪನ ತಂಗಿ. ಮದುವೆಗೆ ಮುಂಚೇನೂ ಅದೇ, ಈಗಲೂ ಅದೇ ಅಂದ್ರೆ ನಡುವೆ ಇಷ್ಟು ವರ್ಷ ನಾನು ಮಾಡಿದ್ದೇನು? ಅಣ್ಣನ ಮೇಲೆ ಕೋಪ ಇಲ್ಲ ನಂಗೆ. ನಿಮ್ಮ ಮೇಲೂ ಇಲ್ಲ. ಕೆಲ್ಸ ಹೋಗಿದ್ದಕ್ಕೆ ಬೇಜಾರಿಲ್ಲ. ಇದೂ ಆಗಲಿಲ್ಲ ಅಂದ್ರೆ ಇನ್ನೊಂದು ನೋಡಿ, ಅದಕ್ಕೂ ನಾನು ಏನೂ ಅನ್ನಲ್ಲ. ಆದ್ರೆ ನಂಗಾಗಿ ಹೋಗ್ತಿದೀನಿ ಅಂತ ಮಾತ್ರ ಹೇಳ್ಬೇಡಿ.”

ಇಡೀ ಮಾತನ್ನು ಹಳೆಯ ಹಜಾರದಲ್ಲಾಗಿದ್ದರೆ ಒಂದೇ ಪದಕ್ಕೆ ಇಳಿಸುತ್ತಿದ್ದೆ: ‘ಬೇಡ.’ ಎರಡು ಬೆರಳುಗಳು ಚಲಿಸಿದವು ಕೂಡ. ಆದರೆ ಆ ಒಂದು ಪದದಲ್ಲಿ, ಅಣ್ಣನ ಮೇಲೆ ಕೋಪವಿಲ್ಲದಿರುವುದು ಎಲ್ಲಿ ಹಿಡಿಸುತ್ತದೆ? ನನ್ನ ಮೇಲೆ ಇಲ್ಲದಿರುವುದು ಎಲ್ಲಿ? ಇಷ್ಟು ತಿಂಗಳು ನನ್ನನ್ನು ನೋಡಿಕೊಂಡು ಅವಳು ಪಡದೇ ಇದ್ದ ಬೇಸರ, ಆಡದೇ ಇದ್ದ ಮಾತು, ಕೇಳದೇ ಇದ್ದ ಪ್ರಶ್ನೆ, ಇವೆಲ್ಲ ಸೇರಿಯೇ ನಮ್ಮ ಸಂಸಾರ ಬಿದ್ದುಹೋಗದೆ ನಿಂತಿತ್ತು. ಇಲ್ಲಗಳ ಮೇಲೆ ನಿಂತ ಮನೆಯಲ್ಲಿ ಕೂತು ನಾನು ಇರುವುದನ್ನು ಮಾತ್ರ ಎಣಿಸುತ್ತಿದ್ದೆ. “ಇನ್ನೇನಾದ್ರೂ ಹೇಳೋದಿದೆಯಾ?” ಎಂದು ಕೇಳಿದೆ. ಗಿರಿಜೆಗೆ ಅನುಮಾನ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಭಾವ ಮರುದಿನ ಹೊರಟರು. ಸೆಂಟ್ರಲ್ ನಿಲ್ದಾಣದಲ್ಲಿ ಕಿಟಕಿಯ ಸರಳಿನ ಆಚೆಯಿಂದ, “ವಾರದೊಳಗೆ ಹೇಳಿಬಿಡ್ರಿ ಮೇಷ್ಟ್ರೇ, ಸೀಟು ಬೇರೆಯವ್ರಿಗೆ ಹೋಗ್ತೈತೆ,” ಎಂದರು. ಆ ವಾರವೇ ನನ್ನ ಪರೀಕ್ಷೆಯ ಕೊನೆಯ ವಾರವೂ ಆಗಿತ್ತು.

ಕೊನೆಯ ವರದಿಯಾಗಿ ನನ್ನ ಕಿವಿಗೆ ಬಂದದ್ದು ಏಣಿಯಿಂದ ಬಿದ್ದ ಒಬ್ಬ ಮುದುಕನ ಕತೆ. ವೈದ್ಯ ನಿದ್ದೆಗಣ್ಣಿನಲ್ಲಿದ್ದನೆಂದು ತೋರುತ್ತದೆ, ಗೊಣಗುತ್ತಾ ಸಾಗಿದ. ಪ್ರಜ್ಞೆ ತಪ್ಪಿಲ್ಲ. ತಲೆಗೆ ಪೆಟ್ಟಿಲ್ಲ. ಕತ್ತು ನೋವಿಲ್ಲ. ಕೈಕಾಲು ಜೋಮು ಹಿಡಿದಿಲ್ಲ. ದೃಷ್ಟಿ ಮಂಜಾಗಿಲ್ಲ. ನಾನು ಒಂದೊಂದನ್ನೂ ಹೊಡೆಯುತ್ತಾ ಹೋದಂತೆ, ಇಷ್ಟು ದಿನ ಬೇಸರದ ಪಾರಾಯಣವೆಂದುಕೊಂಡಿದ್ದರಲ್ಲಿ ಬೇರೇನೋ ಕೇಳಿಸಿತು. ಆ ವೈದ್ಯ ದೀಪ ಹಿಡಿದು ಮುದುಕನ ಮೈಯೆಂಬ ಮನೆಯ ಒಂದೊಂದೇ ಕೋಣೆಯ ಬಾಗಿಲು ತೆಗೆದು, ಮಂಚದಡಿ ಬಗ್ಗಿ ನೋಡಿ, ಇಲ್ಲಿ ಕಳ್ಳನಿಲ್ಲ, ಇಲ್ಲೂ ಇಲ್ಲ ಎಂದು ಮನೆಯವರಿಗೆ ಕೂಗಿ ಹೇಳುತ್ತಿದ್ದಾನೆ. ಸಾರಾಂಶ ಬರೆಯುವವನು ಬೀದಿಯಲ್ಲಿ ನಿಂತು, ಮನೆ ಚೆನ್ನಾಗಿದೆ ಎಂದು ಹೇಳಿ ಹೋಗಿಬಿಡುತ್ತಾನೆ. ನಾನು ಕೊನೆಯ ಕೋಣೆಯವರೆಗೂ ಅವನ ಹಿಂದೆ ಹೋದೆ. ಮುದುಕನ ಮಣಿಕಟ್ಟು ಮುರಿದಿತ್ತು, ಅಷ್ಟೆ.

ಡಾಕ್ಟರಮ್ಮ ಓದಿದರು. ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಲವಂಗ ದವಡೆ ಬದಲಿಸಿತು. ಮುಚ್ಚಳ ಹಾಕಿದರು.

ಆಮೇಲೆ ನಡೆದದ್ದರ ಬಗ್ಗೆ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಗಿರಿಜೆಯದನ್ನು ನಂಬಿ, ನಾನೂ ಅವಳಿಂದಲೇ ಕೇಳಿ ಬರೆಯುತ್ತಿದ್ದೇನೆ. ಸಂಜೆ ಮನೆಗೆ ಬಂದಾಗ ಅವಳು ಒಲೆಯ ಮುಂದಿದ್ದಳಂತೆ, ನಾನು ಬೂಟು ಬಿಚ್ಚಿ ನೇರ ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತೆನಂತೆ.

“ಏನಂದ್ರು ಡಾಕ್ಟರಮ್ಮ?”

“ಹೇಳ್ತೀನಿ ಇರು. ಬೆಳಿಗ್ಗೆ ಬಸ್ಸಲ್ಲಿ ಸೀಟು ಸಿಗಲಿಲ್ಲ. ಮೇಡವಾಕ್ಕಂ ದಾಟಿದ ಮೇಲೂ ಸಿಗಲಿಲ್ಲ. ಹೋದ ಕೂಡಲೇ ಕರೆಸಲಿಲ್ಲ ಅವರು...”

“ರೀ, ಎಣ್ಣೆ ಕಾದೈತೆ. ಕೆಲ್ಸ ಸಿಕ್ತೋ ಇಲ್ವೋ, ಅಷ್ಟು ಹೇಳ್ರಿ.”

“ಅದಕ್ಕೇ ಬರ್ತಿದೀನಿ. ಕರೆದ ಮೇಲೆ ಬೈಯಲಿಲ್ಲ. ತಂದಿ ಸಾರ್ ಅನ್ನಲಿಲ್ಲ. ಒಂದು ಕಡೆನೂ ಕೆಂಪು ಶಾಯಿ ಹಾಕಲಿಲ್ಲ. ನಾಳೆಯಿಂದ ಬರಬೇಡಿ ಅನ್ನಲಿಲ್ಲ.”

ಸಾಸಿವೆ ಸಿಡಿಯಿತು. ಗಿರಿಜೆ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. “ಮತ್ತೆ ಏನಂದ್ರು?”

“ಸೋಮವಾರದಿಂದ ಕಿಟಕಿ ಪಕ್ಕದ ಮೇಜು ನಿಮ್ಮದು, ಅಲ್ಲಿ ಕೂತ್ಕೊಳ್ಳಿ ಅಂದ್ರು.”

ಅವಳು ಒಲೆ ಆರಿಸಿದಳು. ಸೆರಗಿಗೆ ಕೈ ಒರೆಸಿಕೊಂಡು, ನಡುಮನೆಗೆ ಹೋಗಿ ದಾವಣಗೆರೆಯ ನಂಬರು ತಿರುಗಿಸಿದಳು. ಆ ಕಡೆಯಿಂದ ಭಾವ ಎತ್ತಿದ್ದು, ಏನೋ ದೊಡ್ಡದಾಗಿ ಆರಂಭಿಸಿದ್ದು ನನಗೂ ಕೇಳಿಸಿತು.

“ಅಣ್ಣಾ, ನಾವು ಬರಲ್ಲ. ಚೆನ್ನಾಗಿದೀವಿ,” ಎಂದಳು ಗಿರಿಜೆ, ಮತ್ತು ರಿಸೀವರು ಇಟ್ಟಳು.

ಅಣ್ಣಾ ಸಾಲೈಯ ಹಜಾರದ ನನ್ನ ಅಷ್ಟೂ ವರ್ಷಗಳ ಅನುಭವವನ್ನು ಒಟ್ಟುಗೂಡಿಸಿಕೊಂಡು ಆ ಸಾಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಅದರಲ್ಲಿ ತೆಗೆಯಬಹುದಾದ ಒಂದು ಪದವೂ ಸಿಗಲಿಲ್ಲ.